ಅಕ್ಕ ಗದ್ವಾಲದಿಂದ ಹುಡುಗ್ರನ್ ಕರ್ಕೊಂಡು ತವರಿಗೆ ಬಂದಾಳ, ರಾಯಚೂರಾಗ ಮದ್ಲು ಎಲ್ಲಿ ಹೋಗ್ಬೇಕ್ರಿ?

ಗಂಜಿನ ತಂಗಿ:

ಎಲ್ಲರಿಗೂ ನಮಸ್ಕಾರ್ರಿ. ಇಲ್ಲಿ ಮದ್ಲನೇ ಸಲ ಬರಿಯಾಕತ್ತೀನಿ, ಸ್ವಲ್ಪ ಉದ್ದ ಆಗ್ತದ, ದಯವಿಟ್ಟು ಪೂರ್ತಿ ಓದ್ರಿ, ನಮ್ಮನ್ಯಾಗ ಯಾರ್ಗೂ ಏನೂ ತಿಳಿವಲ್ದು.

ನಮ್ಮಕ್ಕನ್ನ ಗದ್ವಾಲ ಕಡಿ ಒಂದ್ ಹಳ್ಳಿಗೆ ಕೊಟ್ಟು 8 ವರ್ಷ ಆತು. ಕುಡಿಯೋದು ಹೊಡಿಯೋದು ಮದ್ಲಿಂದನೂ ಇತ್ತಂತ, ನಮಗ ಬಾಯಿ ಬಿಟ್ಟು ಹೇಳಿದ್ದು ಮೂರ್ನೇ ವರ್ಷಕ್ಕ. ಎರಡ್ ಸಲ ಹಿರೇರು ಕುಂತು ಬುದ್ಧಿ ಹೇಳಿ ಕಳ್ಸ್ಯಾರ. ಎರಡ್ನೇ ಸಲ ಅಪ್ಪ ಸಾಲ ಮಾಡಿ ಗಾಡಿಗಂತ 40,000 ಕೊಟ್ಟ, ಆರ್ ತಿಂಗ್ಳು ಸುಮ್ನಿದ್ರು, ಆಮ್ಯಾಲ ಮತ್ತ ಅದೇ. ಈಗ ಮೂರ್ ದಿನದ ಹಿಂದ ಎರಡೂ ಹುಡುಗ್ರನ್ ಕರ್ಕೊಂಡು ರೈಲಿಗೆ ಬಂದ್ಲು. ಕೈಯಾಗ ಒಂದ್ ಪ್ಲಾಸ್ಟಿಕ್ ಚೀಲ ಅಷ್ಟೇ, ಅದ್ರಾಗ ಹುಡುಗ್ರದು ಎರಡೆರಡು ಅಂಗಿ, ಸಣ್ಣವನ ಹಾಲಿನ ಬಾಟ್ಲಿ. ಎಡಗೈ ಮೊಣಕೈಯಿಂದ ಭುಜದ ತನಕ ಕಪ್ಪಾಗ್ಯಾದ. ಅವ್ವ ಅರಿಷಿಣ ಹಚ್ಚಾಕ ಹೋದ್ರ ಕೈ ಎತ್ತಾಕೇ ಆಗ್ಲಿಲ್ಲ.

ಅಪ್ಪ ಗಂಜಿನ್ಯಾಗ ಹಮಾಲಿ ಮಾಡ್ತಾನ. ನಾ ಬಟ್ಟಿ ಅಂಗಡ್ಯಾಗ ಕೆಲ್ಸಕ್ ಹೋಗ್ತೀನಿ. ವಕೀಲರಿಗೆ ಕೊಡೋಷ್ಟು ರೊಕ್ಕ ನಮ್ ಹತ್ರ ಇಲ್ಲ. ನಿನ್ನಿ ನಾನೂ ಅಕ್ಕನೂ ಒಂದ್ ಪೊಲೀಸ್ ಠಾಣೆಗೆ ಹೋಗಿದ್ವಿ, ಯಾವ್ದಂತ ಹೇಳಂಗಿಲ್ಲ, ಅಲ್ಲಿದ್ದವ್ರು "ಗಂಡನ ಮನಿ ಎಲ್ಲೈತೋ ಅಲ್ಲೇ ಹೋಗಿ ಕೊಡ್ರಿ" ಅಂತ ಕಳಿಸಿಬಿಟ್ರು. ಅಕ್ಕನ ಮೈದುನ ಕೂಡ ಫೋನ್ ಮಾಡಿ ಅದೇ ಹೇಳಾಕತ್ಯಾನ, ರಾಯಚೂರಾಗ ಕೇಸ್ ನಡಿಯಂಗಿಲ್ಲ ತೆಲಂಗಾಣಕ್ಕೇ ಬರಬೇಕು ನೋಡ್ಕೋರಿ ಅಂತ. ಅಲ್ಲಿಗೆ ಹೋಗೂದಂದ್ರ ಅಕ್ಕಗ ಮೈ ನಡುಗ್ತದ.

ಅಪ್ಪ ಇನ್ನೊಂದ್ ಸಲ ಹಿರೇರ್ನ ಕೂಡ್ಸೋಣ ಅಂತಾನ. ನಂದಿನ್ನಾ ಮದುವಿ ಆಗಿಲ್ರಿ, ದೊಡ್ಡಾಕಿ ಮನ್ಯಾಗ ಕುಂತ್ರ ಸಣ್ಣಾಕಿಗೆ ಯಾರ್ ಬರ್ತಾರ ಅಂತ ಅವನ ಚಿಂತಿ. ಅದನ್ನ ಅಕ್ಕನ ಮುಂದನೇ ಅಂದ. ಅವತ್ತಿಂದ ಆಕಿ ಸರಿಯಾಗಿ ಉಣ್ಣಂಗಿಲ್ಲ ಮಕ್ಕೊಳ್ಳಂಗಿಲ್ಲ, ರಾತ್ರಿ ಬಾಗ್ಲ ಕಡೀನೇ ನೋಡ್ಕೋಂತ ಕುಂದುರ್ತಾಳ. ನನ್ ಮದುವಿ ಆಗ್ದಿದ್ರೂ ಆಗ್ಲಿ, ಆಕಿನ್ನ ಮಾತ್ರ ವಾಪಸ್ ಕಳ್ಸಾಕ ನಾ ಬಿಡಂಗಿಲ್ಲ.

ಎಲ್ಲಿ ಹೋಗ್ಬೇಕು, ಯಾರ್ಗಿ ಹೇಳ್ಬೇಕು, ರೊಕ್ಕ ಎಷ್ಟ್ ಹಿಡೀತದ, ದೊಡ್ಡ ಹುಡುಗಿಗೆ 6 ವರ್ಷ ಸಾಲಿ ಹೆಂಗ ಮಾಡೋದು, ಏನ್ ಗೊತ್ತಿದ್ರೂ ಹೇಳ್ರಿ.

ಅಂಗನವಾಡಿ ಟೀಚರ್, ಮಾನ್ವಿ:

ತಂಗಿ, ಮದ್ಲು ನಿಮ್ಮಕ್ಕನ ಕೈ ದವಾಖಾನ್ಯಾಗ ತೋರಸ್ರಿ. ಅರಿಷಿಣ ಹಚ್ಚಿ ಮನ್ಯಾಗ ಕುಂದ್ರಬ್ಯಾಡ್ರಿ. ಇವತ್ತೇ ರಿಮ್ಸ್ ಸರ್ಕಾರಿ ದವಾಖಾನಿಗೆ ಹೋಗಿ ತುರ್ತು ವಿಭಾಗದಾಗ "ಗಂಡ ಹೊಡದಾನ, ಎಂಎಲ್‌ಸಿ ಮಾಡ್ರಿ" ಅಂತ ಬಾಯಿ ಬಿಟ್ಟು ಹೇಳ್ರಿ. ಅದು ಮುಂದ ಪೊಲೀಸಿಗೂ ಕೋರ್ಟಿಗೂ ನಡಿಯೋ ಗಾಯದ ದಾಖಲಿ. ಬಚ್ಚಲದಾಗ ಜಾರಿ ಬಿದ್ದೆ ಅಂತ ಹೇಳ್ಬ್ಯಾಡ್ರಿ, ನಮ್ ಹೆಣ್ಮಕ್ಕಳು ನಾಚಿಕಿಗೆ ಅದನ್ನೇ ಹೇಳ್ತಾರ, ಡಾಕ್ಟ್ರು ಅದನ್ನೇ ಬರಕೊಂತಾರ, ಮುಂದ ಕೋರ್ಟಿನ್ಯಾಗ ಆ ಚೀಟಿನೇ ಅಡ್ಡ ಬರ್ತದ. ಕಪ್ಪು ಇರೂ ಮುಂದನೇ ಫೋಟೋ ತಕ್ಕೊಳ್ರಿ, ಮುಖನೂ ಕೈನೂ ಒಂದೇ ಫೋಟೋದಾಗ ಬರೋಹಂಗ.

ಆಮ್ಯಾಲ 181ಕ್ಕ ಫೋನ್ ಮಾಡ್ರಿ. ಅದು ಮಹಿಳಾ ಸಹಾಯವಾಣಿ, ಹಗಲು ರಾತ್ರಿ ಇರ್ತದ, ರೊಕ್ಕ ಹತ್ತಂಗಿಲ್ಲ. ಸಖಿ ಒನ್ ಸ್ಟಾಪ್ ಸೆಂಟರ್ ಅಂತ ಜಿಲ್ಲಾಕ್ಕೊಂದು ಅದ, 2015ರಿಂದ ಶುರು ಮಾಡ್ಯಾರ, ನಿಮಗ ಹತ್ರ ಇರೋದು ಎಲ್ಲಿ ಅಂತ ಅವರೇ ಹೇಳಿ ಅಲ್ಲಿಗೆ ಜೋಡಸ್ತಾರ. ಅಲ್ಲಿ ಕೌನ್ಸೆಲಿಂಗ್ ಮಾಡೋರು, ಕಾನೂನು ಹೇಳೋರು, ದವಾಖಾನಿ ಪೊಲೀಸು ಕೆಲ್ಸಕ್ಕ ಕೂಡ ಓಡಾಡೋರು ಒಂದೇ ಕಡಿ ಸಿಗ್ತಾರ. ಮನ್ಯಾಗ ಇರಾಕ ಅಂಜಿಕಿ ಅನಸಿದ್ರ 5 ದಿನ ತನಕ ಅಲ್ಲೇ ಇರಬಹುದು, ಇಷ್ಟ್ ಸಣ್ಣ ಹುಡುಗ್ರು ತಾಯಿ ಜೊತಿಗೇ ಇರ್ತಾವ. ಅದಕ್ಕಿಂತ ಹೆಚ್ಚು ದಿನ ಬೇಕಂದ್ರ ಶಕ್ತಿ ಸದನಕ್ಕ ಕಳ್ಸ್ತಾರ. ಹಿಂದ ಸ್ವಾಧಾರ ಗೃಹ ಅಂತಿದ್ರಲ್ಲ, ಅದೇ ಅದು.

ಮೂರ್ನೇದು, ಸಿಡಿಪಿಒ ಆಫೀಸು, ಅಂದ್ರ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸು. ನಮ್ ಅಂಗನವಾಡಿ ಆಫೀಸು ಅಂದ್ರ ಬರೇ ಗೋಧಿ ಹಿಟ್ಟು, ಮೊಟ್ಟಿ ಹಂಚೋದು ಅಂತ ಮಂದಿ ತಿಳ್ಕೊಂಡಾರ. ನಮ್ ರಾಜ್ಯದಾಗ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ಸಿಡಿಪಿಒನೇ ಸಂರಕ್ಷಣಾಧಿಕಾರಿ. ನಿಮ್ಮಕ್ಕ ಹೇಳಿದ್ದನ್ನ ಒಂದ್ ಫಾರ್ಮಿನ್ಯಾಗ ಬರಕೊಂಡು ಕೋರ್ಟಿಗೆ ಕಳ್ಸೋದು ಅವರ ಕೆಲ್ಸ. ಅದಕ್ಕ ಡಿಐಆರ್ ಅಂತಾರ. ಅದರ ಒಂದ್ ಕಾಪಿ ಇಸ್ಕೊಳ್ಳದ ಅಲ್ಲಿಂದ ಏಳಬ್ಯಾಡ್ರಿ. ನೀವ್ ಇರೋ ಓಣಿ ಅಂಗನವಾಡಿ ಟೀಚರಿಗೆ ಹೇಳ್ರಿ, ಆಫೀಸಿಗೆ ಕರ್ಕೊಂಡ್ ಹೋಗಿ ಕುಂದರಸ್ತಾರ. ನಾನೇ ನಾಲ್ಕೈದು ಮಂದೀನ್ನ ಹಂಗ ಕರ್ಕೊಂಡ್ ಹೋಗೀನಿ.

ನಿಮ್ಮಪ್ಪಗ ನಮಸ್ಕಾರ ಹೇಳ್ರಿ. ಅವರ ಚಿಂತಿ ನಂಗೂ ತಿಳೀತದ, ನಾನೂ ಎರಡ್ ಹೆಣ್ಮಕ್ಕಳ ತಾಯಿ.

ಖಡಕ್ ರೊಟ್ಟಿ ಅಕ್ಕ:

ತಂಗೀ ನಿನ್ ಬರಹ ಓದಿ ನಿನ್ನಿ ರಾತ್ರಿ ನಂಗೂ ನಿದ್ದಿ ಬರ್ಲಿಲ್ಲ. ನಾನೂ ಹಿಂಗೇ ಬಂದಾಕಿ. ನಿಮ್ಮಕ್ಕಗ ಪ್ಲಾಸ್ಟಿಕ್ ಚೀಲ ಇತ್ತು, ನಂಗ ಅದೂ ಇರ್ಲಿಲ್ಲ, ಮಗನ್ನ ಕಂಕುಳದಾಗ ಹಿಡ್ಕೊಂಡು ಉಟ್ಟ ಸೀರಿ ಮ್ಯಾಲ ಬಂದಿದ್ದೆ.

ಟೀಚರ್ ಹೇಳಿದ್ರಲ್ಲ ಡಿಐಆರ್ ಅಂತ, ಅದನ್ನ ಬರ್ಸಾಕ ಹೋದಾಗ ಏನಾತು ಅಂತ ಹೇಳ್ತೀನಿ, ನಿಮ್ಮಕ್ಕಗೂ ಅದೇ ಆಗ್ತದ ಅದಕ್ಕ. ಮೇಡಮ್ಮೋರು ಪೆನ್ನು ಹಿಡ್ಕೊಂಡು ಕೇಳಿದ್ರು, ಯಾವಾಗ ಹೊಡದಾನ ತಾರೀಖು ಹೇಳಮ್ಮ ಅಂತ. ನಂಗ ಒಂದೂ ತಾರೀಖು ನೆಪ್ಪಿಗೆ ಬರ್ಲಿಲ್ಲ. ಏಳ್ ವರ್ಷ ಹೊಡತ ತಿಂದೀನಿ ಒಂದ್ ದಿನದ ತಾರೀಖು ಹೇಳಾಕ ಬರವಲ್ದು ಅಂತ ಅಲ್ಲೇ ಅಳು ಬಂದುಬಿಡ್ತು, ಸುಳ್ಳು ಹೇಳಾಕತ್ತಾಳ ಅನಕೊಂತಾರೇನೋ ಅಂತ ಅಂಜಿಕಿ. ಆ ಮೇಡಮ್ಮೋರು ಎದ್ದು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಕಿತ್ಕೊಂಡು ಬಂದು ನನ್ ಮುಂದ ಹಾಸಿದ್ರು. "ತಾರೀಖು ಬಿಡಮ್ಮ, ಹಬ್ಬ ಯಾವ್ದಿತ್ತು ಹೇಳು" ಅಂದ್ರು. ಅವಾಗ ಎಲ್ಲಾ ಬಂತು ನೋಡು. ಕಾರಹುಣ್ಣಿಮಿಗೆ ಎತ್ತು ಕಲ್ಲು ಎಳಿಯೋದ್ ನೋಡಾಕ ರಾಯಚೂರಿಗೆ ಹೋಗ್ತೀನಂದಿದ್ದಕ್ಕ ಹೊಡದಿದ್ದು, ಮೊಹರಂ ಕತ್ತಲರಾತ್ರಿ ಮನಿ ಹೊರಗ ಹಾಕಿದ್ದು, ಉಗಾದಿ ಬೇವು ಇನ್ನಾ ಬಾಯಾಗ ಇತ್ತು ಹಲ್ಲು ಒಡದಿದ್ದು. ಒಂದೊಂದಕ್ಕೂ ಅವರು ಕ್ಯಾಲೆಂಡರ್ ತಿರುವಿ ತಾರೀಖು ಬರಕೊಂಡ್ರು. ಹನ್ನೊಂದು ತಾರೀಖು ಆದ್ವು.

ಅದಕ್ಕ ನೀ ಇವತ್ತೇ ಒಂದ್ 100 ಪೇಜಿನ ವಹಿ ತಗೊಂಬಾ. ಅಕ್ಕನ್ನ ಕುಂದರ್ಸಿ ಆಕಿ ಹೇಳಿದಂಗ ಬರಿ. ಒಂದೇ ದಿನ ಎಲ್ಲಾ ಕೇಳ್ಬ್ಯಾಡ, ಆಕಿ ಸುಸ್ತಾಗ್ತಾಳ. ರೊಟ್ಟಿ ಬಡಿಯೂ ಮುಂದ, ಹುಡುಗ್ರಿಗೆ ಎಣ್ಣಿ ಹಚ್ಚೂ ಮುಂದ ತಾನಾಗೇ ಒಂದೊಂದು ಹೇಳ್ತಾಳ, ಅವಾಗ ಬರಕೋ. ಯಾವ್ ಹಬ್ಬ, ಹೊಲದಾಗ ಏನ್ ಬೆಳಿ ನಿಂತಿತ್ತು, ಹತ್ತಿ ಬಿಡಿಸೋ ಕಾಲನೋ ಜ್ವಾಳದ ರಾಶಿ ಕಾಲನೋ, ಯಾರ್ ನೋಡ್ಯಾರ, ಯಾವ್ ದವಾಖಾನಿಗೆ ಹೋಗಿದ್ಲು. ಆ ವಹಿನೇ ನಂಗ ಕೊನಿತನಕ ಕಾಯ್ದದ್ದು. ಬಾಯಿಂದ ಹೇಳಿದ್ದನ್ನ ಗಂಡನ ಕಡಿಯವ್ರು ಹತ್ತ್ ಸಲ ತಿರುಗಿಸಿದ್ರು. ವಹಿಯಾಗ ಬರದಿದ್ದು ಮಾತ್ರ ಹಂಗೇ ಉಳೀತು.

ಇನ್ನೊಂದು, ಯಾವ್ ಆಫೀಸಿಗೂ ಆಕಿ ಒಬ್ಬಾಕೇ ಹೋಗಬಾರ್ದು. ನಂಗ ನಮ್ ಸ್ತ್ರೀಶಕ್ತಿ ಸಂಘದಾಕಿ ಒಬ್ಬಾಕಿ ಎಲ್ಲಾ ಕಡಿ ಬಂದ್ಲು. ಆಕಿಗೆ ಓದಾಕ ಬರೂದಿಲ್ಲ. ಬಾಜೂಕ ಸುಮ್ನ ಕುಂದುರ್ತಿದ್ಲು, ನನ್ ಮೊಣಕಾಲ್ ಮ್ಯಾಲ ಕೈ ಇಟ್ಕೊಂಡು. ಆ ಕೈ ಇದ್ದದ್ದಕ್ಕ ನನ್ ಧ್ವನಿ ಬಂತು.

ಸಿಂಧನೂರು ವಕೀಲಿ:

ನಾನು ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲಿ, ಕಾನೂನಿನ ಭಾಗ ಹೇಳ್ತೀನಿ. ರಾಯಚೂರಾಗ ಕೇಸ್ ನಡಿಯಂಗಿಲ್ಲ ಅನ್ನೋದು ಸುಳ್ಳು, ಅಂಜಸಾಕ ಹೇಳೋ ಮಾತು. ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರ 27ನೇ ಕಲಂ ಓದ್ರಿ, ಹೆಣ್ಮಗಳು ಈಗ ಎಲ್ಲಿ ಇದ್ದಾಳೋ, ತಾತ್ಕಾಲಿಕವಾಗಿ ಇದ್ರೂ ಸೈ, ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ತವರು ಮನಿ ರಾಯಚೂರಾಗ ಅದ, ಆಕಿ ಅಲ್ಲಿ ಅದಾಳ, ಮುಗೀತು.

ಕ್ರಿಮಿನಲ್ ಕೇಸಿಗೂ ಹಂಗೇ. ಗಂಡ, ಗಂಡನ ಮನಿಯವ್ರು ಹಿಂಸೆ ಕೊಟ್ರ ಹಾಕೋ ಕಲಂ ಹಿಂದ 498ಎ ಅಂತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗ್ಯಾದ. ಗಂಡನ ಮನಿಯಿಂದ ಹೊರಗ ಬಿದ್ದು ತವರಿನ್ಯಾಗ ಆಸರ ತಗೊಂಡ ಹೆಣ್ಮಗಳು ತವರಿನ ಊರಾಗೇ ಈ ಕೇಸ್ ಹಾಕಬಹುದು ಅಂತ 2019ರಾಗ ಸುಪ್ರೀಂ ಕೋರ್ಟಿನ ಮೂರು ನ್ಯಾಯಮೂರ್ತಿಗಳ ಪೀಠ ಹೇಳ್ಯಾದ. ಗಂಡನ ಊರಿಗೇ ಹೋಗ್ರಿ ಅಂದ ಠಾಣೆಯವ್ರು ತಪ್ಪು ಹೇಳ್ಯಾರ. ಹದ್ದು ಯಾವ್ದೇ ಇರ್ಲಿ, ದೂರು ಬರಕೊಳ್ಳಬೇಕು, ಅದಕ್ಕ ಝೀರೋ ಎಫ್ಐಆರ್ ಅಂತೀವಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ್ಯಾಗೇ ಅದ. ಮತ್ತ ಹಂಗೇ ಅಂದ್ರ ದೂರನ್ನ ಬರದು ಎಸ್ಪಿ ಅವರಿಗೆ ರಿಜಿಸ್ಟರ್ ಪೋಸ್ಟ್ ಮಾಡ್ರಿ, ಪೋಸ್ಟಿನ ರಸೀದಿ ಆ ವಹಿಗೆ ಅಂಟಸ್ರಿ.

ಆದ್ರ ಒಂದ್ ಮಾತು. ಪೊಲೀಸ್ ಕೇಸು ಮತ್ತ ದೌರ್ಜನ್ಯ ಕಾಯ್ದೆ ಅರ್ಜಿ ಎರಡೂ ಬ್ಯಾರೆ ಬ್ಯಾರೆ. ಪೊಲೀಸ್ ಕೇಸು ಶಿಕ್ಷೆಗೆ. ಅರ್ಜಿ ನಿಮ್ಮಕ್ಕನ ಬದುಕಿಗೆ, ಅಂದ್ರ ಆತ ಹತ್ರ ಬರಬಾರ್ದು ಫೋನ್ ಮಾಡಬಾರ್ದು ಅನ್ನೋ ಆದೇಶ, ಖರ್ಚಿಗೆ ರೊಕ್ಕ, ಮಕ್ಕಳು ತಾಯಿ ಹತ್ರನೇ ಇರಬೇಕು ಅನ್ನೋದು, ಬಂಗಾರ ಭಾಂಡೆ ವಾಪಸ್ ಕೊಡಿಸೋದು, ಎಲ್ಲಾ ಒಂದೇ ಅರ್ಜಿಯಾಗ ಕೇಳಬಹುದು. ಮೊದಲ ತಾರೀಖು ಸಾಮಾನ್ಯವಾಗಿ 3 ದಿನದೊಳಗ ಇಡಬೇಕು ಮತ್ತ 60 ದಿನದಾಗ ಮುಗಿಸಾಕ ನೋಡ್ಬೇಕು ಅಂತ ಕಾಯ್ದೆ ಹೇಳ್ತದ. ಖರೇ ಹೇಳ್ಬೇಕಂದ್ರ ಅಷ್ಟರೊಳಗ ಮುಗಿಯೋದು ಕಮ್ಮಿ, ಅದಕ್ಕೇ 23ನೇ ಕಲಂ ಅಡಿ ಮಧ್ಯಂತರ ಆದೇಶ ಮೊದಲ ದಿನನೇ ಕೇಳ್ಬೇಕು. ಆ ಸಂರಕ್ಷಣಾ ಆದೇಶ ಮೀರಿದ್ರ 1 ವರ್ಷ ತನಕ ಜೈಲು ಇಲ್ಲಾ 20,000 ತನಕ ದಂಡ, ಎರಡೂ ಆಗಬಹುದು.

ವಕೀಲರ ಫೀ ಚಿಂತಿ ಬಿಡ್ರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 12ನೇ ಕಲಂ ಪ್ರಕಾರ ಹೆಣ್ಮಕ್ಕಳಿಗೆ ಉಚಿತ ವಕೀಲರು, ಆದಾಯ ಎಷ್ಟಿದ್ರೂ. ಕೋರ್ಟ್ ಆವರಣದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಅದ, ಬಿಳಿ ಹಾಳಿ ಮ್ಯಾಲ ಅರ್ಜಿ ಬರದು ಆಧಾರ್ ಜೆರಾಕ್ಸ್ ಇಟ್ಟು ಕೊಡ್ರಿ. ಫೋನ್ ಬೇಕಂದ್ರ 15100. ನಮ್ಮಂಥವ್ರ ಫೀ ಪ್ರಾಧಿಕಾರ ಕೊಡ್ತದ, ಕೋರ್ಟ್ ಫೀನೂ ಅದೇ ಕಟ್ತದ. ಯಾರಾದ್ರೂ ಪ್ಯಾನಲ್ ವಕೀಲ್ರು ನಿಮ್ ಕಡಿ ರೊಕ್ಕ ಕೇಳಿದ್ರ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಹೇಳ್ರಿ, ಆ ಕುರ್ಚಿಯಾಗ ಕುಂತೋರು ನ್ಯಾಯಾಧೀಶರೇ ಇರ್ತಾರ.

ಮದುವಿ ರಿಜಿಸ್ಟರ್ ಆಗಿಲ್ಲ ಅಂದ್ರೂ ನಡೀತದ. ಲಗ್ನಪತ್ರಿಕಿ, ಅಕ್ಷತಿ ಹಾಕೂ ಮುಂದಿನ ಫೋಟೋ, ಹುಡುಗ್ರ ಜನನ ಪ್ರಮಾಣ ಪತ್ರ ಹುಡುಕಿ ಇಡ್ರಿ.

ದೇವದುರ್ಗದ ತಮ್ಮ:

ಗಂಡಸು ನಾನು ಇಲ್ಲಿ ಬರಿಬೇಕೋ ಬ್ಯಾಡೋ ಅಂತ ವಿಚಾರ ಮಾಡಿದೆ, ಆದ್ರ ನಿಮ್ಮಪ್ಪನ ಸಲುವಾಗಿ ಬರಿಯಾಕತ್ತೀನಿ. ನಮ್ಮಕ್ಕ ಬಂದಾಗ ನಮ್ಮಪ್ಪನೂ ಇದೇ ಅಂದಿದ್ದ, ಇನ್ನೊಂದ್ ಸಲ ಹಿರೇರ್ನ ಕೂಡ್ಸೋಣ. ನಾನೂ ಹೂಂ ಅಂದೆ. ಆಕಿನ್ನ ಬಸ್ಸಿಗೆ ಹತ್ತಿಸಿ ಬಂದಾಂವ ನಾನೇ. ಸೀಟಿನ್ಯಾಗ ಕುಂತು ಕಿಟಕಿಯಿಂದ ನನ್ ಕಡಿ ನೋಡ್ಲಿಲ್ಲ ಆಕಿ, ಮುಂದ ನೋಡ್ಕೋಂತನೇ ಕುಂತಿದ್ಲು. ಎಂಟ್ ದಿನಕ್ಕ ಸುಟ್ಟ ಗಾಯ ಆಗಿ ದವಾಖಾನ್ಯಾಗ ಇದ್ಲು. ಬದುಕಿದ್ಲು ದೇವರ ದಯದಿಂದ, ಈಗ ನಮ್ ಹತ್ರನೇ ಅದಾಳ, ಆದ್ರ ಬಲಗೈ ಬೆರಳು ಪೂರಾ ಮಡಚಂಗಿಲ್ಲ. ದಿನಾ ಆಕಿ ಚಹಾ ಕಪ್ಪು ಎರಡೂ ಕೈಯಾಗ ಹಿಡಿಯೋದ್ ನೋಡ್ತೀನಿ.

ನಿಮ್ಮಪ್ಪಗ ಇದನ್ನ ಓದಿ ಹೇಳ್ರಿ. ಬೇಕಂದ್ರ ನಾ ಬಂದು ಮಾತಾಡ್ತೀನಿ, ನಮ್ಮಪ್ಪನ್ನೂ ಕರ್ಕೊಂಡ್ ಬರ್ತೀನಿ, ಹಮಾಲಿ ಮಂದಿ ಹಮಾಲಿ ಮಂದಿ ಮಾತು ಕೇಳ್ತಾರ.

ಮತ್ತ ಮೈದುನನ ಫೋನ್ ಬರ್ತದಲ್ಲ, ಅದನ್ನ ರೆಕಾರ್ಡ್ ಮಾಡ್ಕೊಳ್ರಿ, ವಾಟ್ಸಾಪ್ ಮೆಸೇಜ್ ಅಳಿಸಬ್ಯಾಡ್ರಿ. ಮನಿ ಮುಂದ ಬಂದು ಗದ್ದಲ ಮಾಡಿದ್ರ 112 ಒತ್ರಿ, ಪೊಲೀಸ್ ಗಾಡಿ ಬರ್ತದ.

ತೀನ್ ಕಂದೀಲ್:

ನಡುವ ಕೇಳ್ತೀನಿ ಬೇಜಾರಾಗಬ್ಯಾಡ್ರಿ, ಇದು ಬ್ಯಾರೆ ವಿಷಯ. ನನ್ ಗೆಳತಿ ಕೆಲ್ಸ ಮಾಡೋ ಅಂಗಡ್ಯಾಗ ನಾಲ್ಕೇ ಮಂದಿ ಅದಾರ, ಮಾಲಕ ಮೈಮ್ಯಾಲ ಕೈ ಹಾಕ್ತಾನ. ಸಣ್ಣ ಅಂಗಡಿ, ಕಮಿಟಿ ಪಮಿಟಿ ಏನೂ ಇಲ್ಲ. ಆಕಿ ಎಲ್ಲಿ ಹೋಗ್ಬೇಕು?

ಸಿಂಧನೂರು ವಕೀಲಿ:

10ಕ್ಕಿಂತ ಕಮ್ಮಿ ಮಂದಿ ಕೆಲ್ಸ ಮಾಡೋ ಕಡಿ, ಇಲ್ಲಾ ದೂರು ಮಾಲಕನ ಮ್ಯಾಲೇ ಇದ್ರ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡ್ಬೇಕು, ಕೆಲ್ಸದ ಜಾಗದಾಗಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಯಾಗ ಇರಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಉಪನಿರ್ದೇಶಕರ ಆಫೀಸಿನ್ಯಾಗ ಕೇಳ್ರಿ. ಘಟನೆ ಆದ 3 ತಿಂಗಳೊಳಗ ಬರದು ಕೊಡ್ಬೇಕು, ಇದನ್ನ ಮರೀಬ್ಯಾಡ್ರಿ. ಮೈ ಮುಟ್ಟಿದ್ದು ಅಂದ್ಮ್ಯಾಲ ಪೊಲೀಸ್ ದೂರೂ ಕೊಡಬಹುದು. ಬ್ಯಾರೆ ಥ್ರೆಡ್ ಹಾಕ್ರಿ ವಿವರವಾಗಿ ಬರೀತೀನಿ.

ಕನ್ನಡ ಸಾಲಿ ಮಾಸ್ತರ್:

ಹುಡುಗಿ ಸಾಲಿ ಬಗ್ಗೆ ಯಾರೂ ಹೇಳಿಲ್ಲ ಅದಕ್ಕ ಬರೀತೀನಿ. ಟಿಸಿ ಇಲ್ಲ, ತೆಲುಗು ಮಾಧ್ಯಮದಾಗ ಓದ್ಯಾಳ, ವರ್ಷದ ನಡುವ ಬಂದಾಳ ಅಂತ ಹಿಂಜರಿಬ್ಯಾಡ್ರಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಟಿಸಿ ತಡ ಆತು ಅಂತ ಪ್ರವೇಶ ನಿಲ್ಲಸಂಗಿಲ್ಲ, ವಯಸ್ಸಿನ ದಾಖಲಿ ಇಲ್ಲ ಅಂತನೂ ಇಲ್ಲ ಅನ್ನಂಗಿಲ್ಲ. ಹತ್ರದ ಸರ್ಕಾರಿ ಸಾಲಿಗೆ ಕರ್ಕೊಂಡ್ ಹೋಗ್ರಿ, ಹೆಡ್ ಮಾಸ್ತರಿಗೆ ಹುಡುಗಿ ಮುಂದ ಬ್ಯಾಡ, ಒಬ್ರೇ ಇದ್ದಾಗ ಸಂಗತಿ ಹೇಳ್ರಿ. ತಾಯಿನ್ನ ಬಿಟ್ಟು ಬ್ಯಾರೆ ಯಾರ್ ಬಂದ್ರೂ ಹುಡುಗಿನ್ನ ಕಳ್ಸಬ್ಯಾಡ್ರಿ ಅಂತ ಬರದು ಕೊಡ್ರಿ, ಇದು ಭಾಳ ಮುಖ್ಯ, ಯಾಕಂದ್ರ ಹಿಂಗ ಜಗಳ ಆದಾಗ ಸಾಲಿ ಬಿಡೂ ಹೊತ್ತಿಗೆ ಬಂದು ಹುಡುಗ್ರನ್ ಎತ್ಕೊಂಡ್ ಹೋಗೋದನ್ನ ನಾ ನೋಡೀನಿ. ರಾಯಚೂರಿನ ಸಾಲ್ಯಾಗ ತೆಲುಗು ಮನಿಮಾತಿನ ಹುಡುಗ್ರು ಭಾಳ ಅದಾವ, ಆಕಿಗೆ ಗೆಳತ್ಯಾರು ಸಿಗ್ತಾರ. ಸಣ್ಣವನ್ನ ಅಂಗನವಾಡಿಗೆ ಬಿಡ್ರಿ, ನಿಮ್ಮಕ್ಕಗ ಆಫೀಸು ಅಡ್ಡಾಡಾಕ ಹೊತ್ತು ಸಿಗ್ತದ.

ಗಂಜಿನ ತಂಗಿ:

ಎಲ್ಲರಿಗೂ ಕೈ ಮುಗೀತೀನ್ರಿ. ರಿಮ್ಸಿಗೆ ಹೋಗಿ ಬಂದ್ವಿ, ಮೂಳಿಗೆ ಸಣ್ಣ ಬಿರುಕು ಅದ ಅಂತ ಪಟ್ಟಿ ಕಟ್ಯಾರ, ಎಂಎಲ್‌ಸಿ ಆತು. ಅಕ್ಕ ಮದ್ಲು "ಬಿದ್ದೆ" ಅಂತನೇ ಶುರು ಮಾಡಿದ್ಲು, ನಾ ಆಕಿ ಕೈ ಹಿಡದೆ, ಆಮ್ಯಾಲ ಹೇಳಿದ್ಲು. ಡಾಕ್ಟ್ರಮ್ಮ ಬರಿಯೋದ್ ನಿಲ್ಸಿ ಆಕಿ ಮುಖ ನೋಡಿ ಮತ್ತ ಬರದ್ರು.

ದೇವದುರ್ಗದಣ್ಣ, ನಿಮ್ ಬರಹ ಅಪ್ಪಗ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ, ಟಾವೆಲ್ ಹೆಗಲಿಗೆ ಹಾಕ್ಕೊಂಡು ಹೊರಗ ಹೋದ. ರಾತ್ರಿ ಬಂದು ಹುಡುಗ್ರಿಗೆ ಜಿಲೇಬಿ ಕೊಟ್ಟ. ಬೆಳಿಗ್ಗಿ ಅವ್ವನ ಹತ್ರ "ಕೇಸಿಗೆ ನಾ ಬರ್ತೀನಿ" ಅಂದಾನಂತ.

ಇನ್ನೊಂದ್ ಕೇಳ್ಬೇಕಿತ್ತು. ಅಕ್ಕಗ ಇನ್ನಾ ನಿದ್ದಿ ಇಲ್ಲ. ಮತ್ತ ಆಕಿ ಆಧಾರ್ ತೆಲಂಗಾಣದ್ದು, ರೇಷನ್ ಕಾರ್ಡಿನ್ಯಾಗ ಹೆಸರು ಅಲ್ಲೇ ಅದ. ಸಿಟಿ ಬಸ್ಸಿನ್ಯಾಗ ಕಂಡಕ್ಟರ್ ಟಿಕೆಟ್ ತಗೋಬೇಕು ಅಂದ್ರು, ಎಲ್ಲರ ಮುಂದ ಆಕಿಗೆ ಭಾಳ ಅವಮಾನ ಆತು.

ಖಡಕ್ ರೊಟ್ಟಿ ಅಕ್ಕ:

ನಿದ್ದಿಗೆ 14416ಕ್ಕ ಫೋನ್ ಮಾಡಸು, ಟೆಲಿ ಮಾನಸ್ ಅಂತಾರ, ಹಗಲು ರಾತ್ರಿ ಕನ್ನಡದಾಗೇ ಮಾತಾಡ್ತಾರ, ರೊಕ್ಕ ಇಲ್ಲ. ಹುಚ್ಚು ಹಿಡದೋರಿಗೆ ಅಷ್ಟೇ ಅಂತ ನಾ ಮದ್ಲು ಮಾಡ್ಲಿಲ್ಲ, ಒಂದ್ ವರ್ಷ ಸುಮ್ನ ಕಷ್ಟ ಪಟ್ಟೆ. ನಂಗೂ ಬಾಗಿಲ ಸಪ್ಪಳ ಆದ್ರ ಎದಿ ಹೊಡ್ಕೊಳ್ಳೋದು. ಅಲ್ಲಿ ಮಾತಾಡಿದಾಕಿ ಅದಕ್ಕೂ ಒಂದ್ ಕಾರಣ ಅದ, ನಿನ್ ತಪ್ಪಲ್ಲ, ಮೈ ಇನ್ನಾ ಕಾವಲು ಕಾಯಾಕತ್ತದ ಅಂತ ತಿಳಿಸಿ ಹೇಳಿದ್ಲು. ಆಮ್ಯಾಲ ದವಾಖಾನಿಗೆ ಹೋಗು ಅಂದ್ಲು, ಹೋದೆ, ಗುಳಿಗಿ ಮೂರ್ ತಿಂಗಳು ತಗೊಂಡೆ.

ಆಧಾರ್‌ದು ಮದ್ಲು ಸರಿ ಮಾಡ್ರಿ. ಶಕ್ತಿ ಯೋಜನೆ 2023ರ ಜೂನ್ 11ಕ್ಕ ಶುರು ಆಗಿದ್ದು ನಮ್ ರಾಜ್ಯದ ವಿಳಾಸ ಇದ್ದೋರಿಗೆ ಅಷ್ಟೇ, ಕಂಡಕ್ಟರ್ ತಪ್ಪಿಲ್ಲ. ಬಾಡಿಗಿ ಪತ್ರ ಕರೆಂಟ್ ಬಿಲ್ಲು ಆಕಿ ಹೆಸರಿಗೆ ಎಲ್ಲಿಂದ ಬರ್ತದ? ಆದ್ರ ಕುಟುಂಬದ ಮುಖ್ಯಸ್ಥರ ಒಪ್ಪಿಗಿ ಮ್ಯಾಲ ವಿಳಾಸ ಬದಲಿ ಮಾಡೋದು 2023ರಿಂದ ಅದ. ನಿಮ್ಮಪ್ಪನ ಆಧಾರ್ ನಂಬರ್, ಅವರ ಮಗಳು ಅಂತ ತೋರ್ಸಾಕ ಅಕ್ಕನ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಅಪ್ಪನ ಮೊಬೈಲಿಗೆ ಬರೋ ಓಟಿಪಿ, ಇಷ್ಟು. ಆನ್‌ಲೈನ್ ಸೆಂಟರಿನ್ಯಾಗ ಮಾಡ್ಸಬಹುದು, ಅಪ್ಪ 30 ದಿನದೊಳಗ ಒಪ್ಪಿಗಿ ಒತ್ತಬೇಕು. ಅದಾದ ಮ್ಯಾಲ ರೇಷನ್ ಕಾರ್ಡು. ಅಲ್ಲಿ ಹೆಸರು ತೆಗಿಸಿದ ಮ್ಯಾಲೇ ಇಲ್ಲಿ ಸೇರಸ್ತಾರ, ಅದು ಸ್ವಲ್ಪ ಅಡ್ಡಾಡಸ್ತದ, ವಕೀಲ್ರಿಗೆ ಹೇಳಿದ್ರ ಅರ್ಜಿಯಾಗೇ ಅದನ್ನೂ ಕೇಳಬಹುದೇನೋ ನೋಡ್ರಿ.

ಕೆಲ್ಸದ ಮಾತು ಈಗ್ಲೇ ಬ್ಯಾಡ ಅನಸಬಹುದು, ಆದ್ರ ನಂಗ ಕೈಯಾಗ ಕೆಲ್ಸ ಬಂದ ಮ್ಯಾಲೇ ಜೀವ ಬಂದದ್ದು. ನಮ್ ಸಂಘದ ಸಾಲ 10,000 ತಗೊಂಡು ಎರಡ್ ಹೆಂಚು, ಒಂದ್ ಚೀಲ ಬಿಳಿಜ್ವಾಳ ತಂದೆ. ಬೆಳಗಿನ ನಾಕಕ್ಕ ಎದ್ದು ಬಡಿತೀನಿ, ತಟ್ಟಿನ್ಯಾಗ ಆರಾಕ ಹಾಕಿ, ಕಿಲಿಕಿಲಿ ಅನ್ನೋಹಂಗ ಒಣಗಿದ ಮ್ಯಾಲ ಹತ್ತತ್ತರ ಪ್ಯಾಕೆಟ್ ಕಟ್ಟೋದು. ಮುರದದ್ದನ್ನ ಮಾರಂಗಿಲ್ಲ, ಮನಿಗೆ. ಮದ್ಲನೇ ದಿನ 30 ರೊಟ್ಟಿಯಾಗ 11 ಮುರದಿದ್ವು. ಈಗ ಮೂರ್ ಖಾನಾವಳಿಗೆ ಕೊಡ್ತೀನಿ, ಒಂದ್ ಅಂಗಡಿಗೆ ಶೇಂಗಾ ಹಿಂಡಿನೂ. ತಿನ್ನೋ ಸಾಮಾನು ಮಾರೋರು ಮಾಡಿಸೋ ಎಫ್ಎಸ್ಎಸ್ಎಐ ನೋಂದಣಿ ವರ್ಷಕ್ಕ 100 ರೂಪಾಯಿ ಕಟ್ಟಿ ಮಾಡಿಸೀನಿ, ಪ್ಯಾಕೆಟ್ ಮ್ಯಾಲ ಆ ನಂಬರ್ ಇದ್ರ ಅಂಗಡಿಯವ್ರು ತಗೊಂತಾರ. ದೊಡ್ಡ ಸಾಲ ಬೇಕಾದ್ರ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಅದ, 18ರಿಂದ 55 ವರ್ಷದೊಳಗಿನೋರಿಗೆ, ಪರಿಶಿಷ್ಟ ಜಾತಿ ಪಂಗಡದೋರಿಗೆ 3 ಲಕ್ಷ ತನಕ ಸಾಲದಾಗ ಅರ್ಧ ಸಬ್ಸಿಡಿ, ಬ್ಯಾರೆಯವ್ರಿಗೆ ಕಮ್ಮಿ. ಸಿಡಿಪಿಒ ಆಫೀಸಿನ್ಯಾಗೇ ಕೇಳ್ರಿ, ಯಾವಾಗ ಅರ್ಜಿ ಕರೀತಾರ ಅಂತ.

ಅಕ್ಕಗ ಏನ್ ಬರ್ತದ ಕೈಕೆಲ್ಸ? ಕೈ ಪಟ್ಟಿ ಬಿಚ್ಚಿದ ಮ್ಯಾಲ ನನ್ ಹತ್ರ ಕಳ್ಸು, ಪ್ಯಾಕೆಟ್ ಕಟ್ಟೋದಕ್ಕಾದ್ರೂ. ದಿನಕ್ಕ ಇಷ್ಟಂತ ಕೊಡ್ತೀನಿ, ಸಂಘದ ರೇಟು. ವಿಳಾಸ ಇಲ್ಲಿ ಹಾಕಂಗಿಲ್ಲ, ನಿಂಗ ಖಾಸಗಿ ಮೆಸೇಜ್ ಮಾಡೀನಿ ನೋಡು.

ಅಂಗನವಾಡಿ ಟೀಚರ್, ಮಾನ್ವಿ:

ಒಂದ್ ಮಾತು ಬಿಟ್ಟಿದ್ದೆ. ಇದನ್ನ ಓದಾಕತ್ತ ಬಾಜೂ ಮನಿಯವ್ರಿಗೆ. ನಾವ್ ಹೇಳಿದ್ರ ನಮ್ ಮ್ಯಾಲೇ ಬರ್ತದ ಅಂತ ಮಂದಿ ಬಾಗ್ಲ ಹಾಕ್ಕೊಂತಾರ. ಕೌಟುಂಬಿಕ ದೌರ್ಜನ್ಯ ಕಾಯ್ದೆ 4ನೇ ಕಲಂ ಪ್ರಕಾರ ಒಳ್ಳೆ ಮನಸ್ಸಿನಿಂದ ಸುದ್ದಿ ಕೊಟ್ಟವ್ರ ಮ್ಯಾಲ ಯಾವ್ ಕೇಸೂ ಆಗಂಗಿಲ್ಲ. ಗ್ವಾಡಿ ಆಚೆ ಕೇಳಸ್ತದಲ್ಲ, ಅವಾಗ 181 ಒತ್ರಿ.

ಗಂಜಿನ ತಂಗಿ:

ಹನ್ನೆರಡ್ ದಿನ ಆದ ಮ್ಯಾಲ ಬರಿಯಾಕತ್ತೀನಿ. ಡಿಐಆರ್ ಆತು, ಕಾಪಿ ಕೈಯಾಗ ಅದ. ಕ್ಯಾಲೆಂಡರ್ ನಾವೇ ಮನಿಯಿಂದ ಒಯ್ದಿದ್ವಿ ಅಕ್ಕಾ, ನೀವ್ ಹೇಳಿದ್ದು ನೆಪ್ಪಿಟ್ಕೊಂಡು. ವಹಿಯಾಗ 14 ಆದ್ವು. ಒಂದನ್ನ ನಮ್ಮಕ್ಕ ನಂಗೂ ಹೇಳಿರ್ಲಿಲ್ಲ, ಸಖಿಯಾಗಿನ ಮೇಡಂ ಮುಂದ ಹೇಳಿದ್ಲು, ನಾ ಹೊರಗ ಬಂದು ಅತ್ತೆ.

ಉಚಿತ ವಕೀಲ್ರು ಸಿಕ್ಕಾರ, ಹೆಣ್ಮಗಳೇ. ಹುಡುಗಿ ಸಾಲಿಗೆ ಹೊಂಟಾಳ, ನಿನ್ನಿ ಪಾಟಿ ಮ್ಯಾಲ ಅ ಆ ಬರದು ಅದರ ಬಾಜೂಕ ತೆಲುಗಿನ ಅ ಆ ಬರದು ಎರಡೂ ಒಂದೇ ಹಂಗ ಅವ ಅಂತ ಅಜ್ಜಗ ತೋರ್ಸಾಕತ್ತಿದ್ಲು. ಅಪ್ಪ ಆಧಾರ್‌ದು ಓಟಿಪಿ ತಾನೇ ಓದಿ ಹೇಳಿದ. ಅಕ್ಕ ಮನ್ನೆ ರಾತ್ರಿ ನಾಕ್ ತಾಸು ಮಕ್ಕೊಂಡಿದ್ಲು.

ಗುರುವಾರ ಕೋರ್ಟಿನ್ಯಾಗ ಮದ್ಲನೇ ತಾರೀಖು. ಆ ವಹಿ ಒರಿಜಿನಲ್ ಒಯ್ಯಬೇಕೋ ಜೆರಾಕ್ಸ್ ಸಾಕೋ?

ಸಿಂಧನೂರು ವಕೀಲಿ:

ಎರಡೂ ಒಯ್ರಿ. ಜೆರಾಕ್ಸ್ ಮೂರ್ ಸೆಟ್ ಮಾಡ್ಸಿ ನಿಮ್ ವಕೀಲ್ರಿಗೆ ಕೊಡ್ರಿ. ಒರಿಜಿನಲ್ ನಿಮ್ ಚೀಲದಾಗೇ ಇರ್ಲಿ, ಕೇಳಿದ್ರ ತೋರ್ಸಿ ಅಲ್ಲೇ ವಾಪಸ್ ಇಸ್ಕೊಳ್ರಿ. ಊಟ ಕಟ್ಕೊಂಡ್ ಹೋಗ್ರಿ, ಹೆಸರು ಕರಿಯೋತನಕ ಮಧ್ಯಾಹ್ನ ಆಗಬಹುದು.